ವಂಶಾವಳಿಯ ಆಕರಗಳಾಗಿ ಚರ್ಚಿನ ಕಡತ ಮತ್ತು ಜನಗಣತಿ: ಇಂಗ್ಲೆಂಡಿನ ಮಾದರಿ, ಕರ್ನಾಟಕದ ಕೊರತೆ

ಮನೆತನದ ಹಿರಿಯರ ಹೆಸರುಗಳನ್ನು ತಲೆಮಾರುಗಳವರೆಗೆ ಕಾಪಿಟ್ಟುಕೊಂಡು ಬರುವ ಕೆಲಸ ಕನ್ನಡ ನಾಡಿನಲ್ಲಿ ಬಹುಮಟ್ಟಿಗೆ ಮೌಖಿಕ ಪರಂಪರೆಗೆ ಸೇರಿದ್ದು. ಎತ್ತಿನ ಮೇಲೆ ಊರೂರು ಸುತ್ತಿ ಒಕ್ಕಲು ಮನೆತನಗಳ ವಂಶವನ್ನು ಹೇಳುವ ಹೆಳವರು ಇದಕ್ಕೆ ಪ್ರಸಿದ್ಧ ನಿದರ್ಶನ. ಇಂಗ್ಲೆಂಡಿನಲ್ಲಿ ಸಾಮಾನ್ಯ ಕುಟುಂಬಗಳ ವಂಶವನ್ನು ಹುಡುಕುವವರಿಗೆ ಮುಖ್ಯ ಆಧಾರವಾಗಿರುವುದು ಎರಡು ಲಿಖಿತ ಆಕರಗಳು: ಪ್ಯಾರಿಷ್ ಕಡತ ಮತ್ತು ಜನಗಣತಿಯ ಪುಸ್ತಕ. ಇವೆರಡೂ ವಂಶವನ್ನು ದಾಖಲಿಸಲೆಂದು ಹುಟ್ಟಿದವಲ್ಲ. ಮೊದಲನೆಯದು ಧಾರ್ಮಿಕ ವಿಧಿಗೆ, ಎರಡನೆಯದು ಆಡಳಿತದ ಲೆಕ್ಕಾಚಾರಕ್ಕೆ ಸಂಬಂಧಿಸಿದ್ದು. ಆದಕಾರಣ ಅವು ಏನನ್ನು ಹೇಳುತ್ತವೆ ಎಂಬುದರಷ್ಟೇ ಏನನ್ನು ಹೇಳದೆ ಬಿಡುತ್ತವೆ ಎಂಬುದೂ ಅಧ್ಯಯನಾರ್ಹವಾಗಿದೆ.

ಪ್ಯಾರಿಷ್ ಕಡತಗಳು

ಒಂದು ಚರ್ಚಿನ ವ್ಯಾಪ್ತಿಗೆ ಒಳಪಟ್ಟ ಪ್ರದೇಶವೇ ಪ್ಯಾರಿಷ್. 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಂತೆ ಪ್ರತಿಯೊಂದು ಪ್ಯಾರಿಷ್ ದೀಕ್ಷಾಸ್ನಾನ, ವಿವಾಹ ಮತ್ತು ಶವಸಂಸ್ಕಾರಗಳನ್ನು ಬರೆದಿಡಬೇಕಾಯಿತು. ಇಲ್ಲಿ ದಾಖಲಾಗುವುದು ಜನನವಲ್ಲ, ದೀಕ್ಷಾಸ್ನಾನ, ಮರಣವಲ್ಲ, ಶವಸಂಸ್ಕಾರ. ಹುಟ್ಟಿದ ಎಷ್ಟೋ ವರ್ಷಗಳ ಮೇಲೆ ದೀಕ್ಷೆ ಪಡೆದವರೂ ಇದ್ದುದರಿಂದ ಈ ಭೇದವನ್ನು ಮರೆಯುವಂತಿಲ್ಲ. ಹಳೆಯ ನಮೂದುಗಳಲ್ಲಿ ತಂದೆಯ ಹೆಸರಷ್ಟೇ ಇದ್ದು ತಾಯಿಯ ಹೆಸರು ಇಲ್ಲದಿರುವುದುಂಟು. 17ನೆಯ ಶತಮಾನದ ನಡುವಿನ ಅಂತರ್ಯುದ್ಧದ ಕಾಲದಲ್ಲಿ ಅನೇಕ ಕಡತಗಳು ಖಾಲಿ ಬಿದ್ದಿವೆ. 1754ರಿಂದ ಜಾರಿಗೆ ಬಂದ ವಿವಾಹ ಕಾಯಿದೆ ವಧೂವರರ ಮತ್ತು ಸಾಕ್ಷಿಗಳ ಸಹಿಯನ್ನು ಕಡ್ಡಾಯಗೊಳಿಸಿತು. ಅಕ್ಷರ ಬಾರದವರು ಹಾಕಿದ ಗುರುತೂ ಅಲ್ಲಿ ಉಳಿದು ಬಂದಿದೆ. 1813ರಿಂದ ಮುದ್ರಿತ ನಮೂನೆ ಬಳಕೆಗೆ ಬಂದು ತಂದೆತಾಯಿಯರ ಹೆಸರು, ವಾಸಸ್ಥಳ, ತಂದೆಯ ಕಸುಬು ಕ್ರಮವಾಗಿ ದಾಖಲಾಗತೊಡಗಿದವು. ಆದರೆ ತಾಯಿಯ ತವರಿನ ಕುಲನಾಮಕ್ಕೆ ಆ ನಮೂನೆಯಲ್ಲಿಯೂ ಸ್ಥಳವಿರಲಿಲ್ಲ.

ಜನಗಣತಿಯ ಪುಸ್ತಕಗಳು

ಬ್ರಿಟನ್ನಿನಲ್ಲಿ 1801ರಲ್ಲಿ ಆರಂಭವಾದ ಜನಗಣತಿ ಮೊದಮೊದಲು ತಲೆ ಎಣಿಕೆಗೆ ಸೀಮಿತವಾಗಿತ್ತು. ದೇಶದಾದ್ಯಂತ ಪ್ರತಿಯೊಬ್ಬರ ಹೆಸರು ಸಿಗುವುದು 1841ರಿಂದ. ಆ ವರ್ಷ 15 ವರ್ಷ ಮೀರಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು. 39 ವರ್ಷದವನು ಅಲ್ಲಿ 35 ವರ್ಷದವನಾಗಿ ಕಾಣಿಸಿಕೊಳ್ಳಬಹುದು. 1851ರಲ್ಲಿ ಯಜಮಾನನೊಡನೆ ಇರುವ ಸಂಬಂಧ ಮತ್ತು ಹುಟ್ಟಿದ ಪ್ಯಾರಿಷ್ ಇವೆರಡೂ ಸೇರಿದವು. ಜನಗಣತಿಯನ್ನು ಪ್ಯಾರಿಷ್ ಕಡತಕ್ಕೆ ಜೋಡಿಸುವ ಕೊಂಡಿ ದೊರೆತದ್ದು ಇದರಿಂದಲೇ.

ಆಕರಗಳ ಹೊಂದಾಣಿಕೆ

1851ರಲ್ಲಿ 48 ವರ್ಷದವನೆಂದು ಬರೆಯಲಾದ ಒಬ್ಬ ಕೂಲಿಯನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. ಆತ ಹುಟ್ಟಿದ ಪ್ಯಾರಿಷ್‌ನಲ್ಲಿ 1802-03ರ ಸುಮಾರಿನ ದೀಕ್ಷಾಸ್ನಾನವನ್ನು ಹುಡುಕಬೇಕು. ಅದೇ ಹೆಸರು ದೊರೆತ ಕೂಡಲೇ ಶೋಧ ಮುಗಿಯುವುದಿಲ್ಲ. ತೀರಿಹೋದ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವ ರೂಢಿಯಿದ್ದುದರಿಂದ ಶವಸಂಸ್ಕಾರದ ಕಡತವನ್ನೂ ನೋಡಬೇಕು. ಒಂದೇ ಹೆಸರಿನ ಇಬ್ಬರು ಸೋದರ ಸಂಬಂಧಿಗಳಿದ್ದರೆ ಕಸುಬು, ವಾಸಸ್ಥಳ, ವಿವಾಹದ ಸಾಕ್ಷಿಗಳು ಇವುಗಳಿಂದ ವ್ಯಕ್ತಿಯನ್ನು ನಿರ್ಧರಿಸಬೇಕು. ಹಲವು ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದನೆಯ ಶಿಸ್ತಿಗೆ ಇದು ಹತ್ತಿರವಾದುದು.

ಕರ್ನಾಟಕದ ಸಂದರ್ಭ

ಇದೇ ಬ್ರಿಟಿಷ್ ಆಳ್ವಿಕೆ 1881ರ ಫೆಬ್ರವರಿ 17ರಂದು ಭಾರತದಲ್ಲಿಯೂ ಏಪ್ರಿಲ್ 3ರಂದು ಇಂಗ್ಲೆಂಡಿನಲ್ಲಿಯೂ ಜನಗಣತಿ ನಡೆಸಿತು. ಇಂಗ್ಲೆಂಡಿನ ಗಣತಿದಾರರ ಪುಸ್ತಕಗಳು ಉಳಿದಿವೆ. ನೂರು ವರ್ಷ ಕಳೆದ ಮೇಲೆ ಇಂತಹ ದಾಖಲೆಗಳು ಸಾರ್ವಜನಿಕರಿಗೆ ತೆರೆದುಕೊಳ್ಳುತ್ತವೆ. 1921ರ ದಾಖಲೆ 2022ರಲ್ಲಿ ಹೀಗೆ ಹೊರಬಂದಿತು. ಭಾರತದಲ್ಲಿಯೂ ಮನೆಮನೆಗೆ ಹೋಗಿ ವಿವರಗಳನ್ನು ಬರೆದುಕೊಳ್ಳಲಾಯಿತಾದರೂ ಕೋಷ್ಟಕಗಳು ಸಿದ್ಧವಾದ ಮೇಲೆ ಮೂಲ ನಮೂನೆಗಳನ್ನು ಉಳಿಸಿಕೊಳ್ಳಲಿಲ್ಲ. ಮೈಸೂರು ಸೀಮೆಯಲ್ಲಿ ಯಾವ ಜಾತಿಯವರು ಎಷ್ಟಿದ್ದರು, ಯಾವ ಭಾಷೆಯನ್ನು ಆಡುತ್ತಿದ್ದರು ಎಂಬುದು ವರದಿಗಳಿಂದ ತಿಳಿಯುತ್ತದೆ. ಅವರು ಯಾರು ಎಂಬುದು ತಿಳಿಯುವುದಿಲ್ಲ. ಸ್ವತಂತ್ರ ಭಾರತದ 1948ರ ಜನಗಣತಿ ಕಾಯಿದೆಯೂ ವ್ಯಕ್ತಿಗತ ವಿವರಗಳನ್ನು ಗೋಪ್ಯವಾಗಿರಿಸಿದೆ.

ಹೀಗಾಗಿ ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ಕಡತ ನೆರವಾಗಬಹುದಾದರೂ ಅದನ್ನು ಒರೆಹಚ್ಚಲು ಜನಗಣತಿಯ ಪುಸ್ತಕವಿಲ್ಲ. ಉಳಿದವರು ಹೆಳವರ ಹೇಳಿಕೆ, ಇನಾಮು ಪತ್ರ, ಭೂದಾಖಲೆ, ಶಾಲೆಯ ದಾಖಲಾತಿ ಪುಸ್ತಕ ಮುಂತಾದವನ್ನು ಆಶ್ರಯಿಸಬೇಕು. ಇವುಗಳಲ್ಲಿ ಬಹುಪಾಲು ಭೂಮಿ, ಅಕ್ಷರ ಅಥವಾ ಒಕ್ಕಲುತನ ಇದ್ದವರ ಸುತ್ತ ರೂಪುಗೊಂಡವು. ಇಂಗ್ಲೆಂಡಿನ ಕೂಲಿಯ ಹೆಸರು ಜನಗಣತಿಯಲ್ಲಿ ಉಳಿದಿದೆ. ಮೈಸೂರು ಸೀಮೆಯ ಭೂಹೀನ ಕೂಲಿಯ ಹೆಸರನ್ನು ಉಳಿಸಬಹುದಾಗಿದ್ದ ಕಡತ ಇಂದು ಇಲ್ಲ. ವಂಶಾವಳಿಯ ಅಧ್ಯಯನವು ದೊರೆತ ಹೆಸರುಗಳನ್ನು ಜೋಡಿಸುವುದರ ಜೊತೆಗೆ, ಯಾರ ಹೆಸರುಗಳು ಏಕೆ ದೊರೆಯುವುದಿಲ್ಲ ಎಂಬುದನ್ನೂ ವಿವರಿಸಬೇಕಾದ ಅಗತ್ಯ ಇದರಿಂದ ಸ್ಪಷ್ಟವಾಗುತ್ತದೆ.