ಸಂಘದ ಸಮಾರಂಭದ ಫೋಟೋಗಳು: ವಿಂಗಡಿಸುವ ಹಾಗೂ ಅಂತರ್ಜಾಲದ ಚಿತ್ರಭಂಡಾರಕ್ಕೆ ಸೇರಿಸುವ ಕ್ರಮ



ಕರ್ನಾಟಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಹೈನು ಅಭಿವೃದ್ಧಿ ಯೋಜನೆ ಆರಂಭವಾದದ್ದು 1974ರಲ್ಲಿ. ಅದರ ಹಿಂದೆಯೇ ಆನಂದ್ ಮಾದರಿಯ ಸಹಕಾರ ಸಂಘಗಳು ಹಳ್ಳಿಹಳ್ಳಿಗಳಲ್ಲಿ ಹುಟ್ಟಿಕೊಂಡವು. ಆ ಕಾಲದ ಸಂಘಗಳು ಈಗ ಒಂದೊಂದಾಗಿ 50 ವರ್ಷ ಪೂರೈಸುತ್ತಿವೆ. ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ ತರಲು ಹೊರಟ ಆಡಳಿತ ಮಂಡಳಿಯವರು ಮೊದಲು ಹುಡುಕುವುದು ಹಳೆಯ ಫೋಟೋಗಳನ್ನು. ಸಂಘದ ಬೀರುವಿನಲ್ಲಿ ಸಿಗುವುದು ಒಂದೆರಡು ಮಾತ್ರ. ಅದರಲ್ಲಿ ನಿಂತವರು ಯಾರು ಎಂದು ಹೇಳಬಲ್ಲ ಹಿರಿಯರು ಒಬ್ಬರೋ ಇಬ್ಬರೋ ಉಳಿದಿರುತ್ತಾರೆ.

ಇಂದು ಫೋಟೋಗಳಿಗೆ ಬರವಿಲ್ಲ. ಸರ್ವಸದಸ್ಯರ ಸಭೆ, ಕರು ಪ್ರದರ್ಶನ, ಬರಡು ರಾಸುಗಳ ತಪಾಸಣಾ ಶಿಬಿರ, ಕಾಲುಬಾಯಿ ಜ್ವರದ ಲಸಿಕೆ, ನವೆಂಬರ್ 14ರಿಂದ 20ರವರೆಗಿನ ಸಹಕಾರ ಸಪ್ತಾಹ, ನವೆಂಬರ್ 26ರ ರಾಷ್ಟ್ರೀಯ ಹಾಲು ದಿನ, ಹೀಗೆ ಯಾವ ಕಾರ್ಯಕ್ರಮವಾದರೂ ಹತ್ತು ಮೊಬೈಲುಗಳು ಮೇಲೇಳುತ್ತವೆ. ಆದರೆ ಆ ಫೋಟೋಗಳು ವಾಟ್ಸಾಪ್ ಗುಂಪಿಗೆ ಹೋಗಿ, ಎರಡು ದಿನ ಓಡಾಡಿ, ಜಾಗ ಸಾಲದೆಂದು ಅಳಿಸಿಹೋಗುತ್ತವೆ. ಕಾರ್ಯದರ್ಶಿಗಳ ಫೋನು ನೀರಿಗೆ ಬಿದ್ದರೆ ಒಂದು ವರ್ಷದ ಚಿತ್ರಗಳೆಲ್ಲ ಹೋದಂತೆಯೇ. ಕರೆದ ಹಾಲನ್ನು ಸಕಾಲದಲ್ಲಿ ತಣಿಸದಿದ್ದರೆ ಎಷ್ಟು ಕರೆದರೂ ಪ್ರಯೋಜನವಿಲ್ಲ. ತೆಗೆದ ಫೋಟೋವನ್ನು ಸರಿಯಾಗಿ ಇಡದಿದ್ದರೂ ಅಷ್ಟೇ. ಈ ಕೆಲಸದ ಕ್ರಮವನ್ನು ಈ ಪಾಠದಲ್ಲಿ ನೋಡೋಣ.

1. ಚಿತ್ರಭಂಡಾರ ಎಂದರೇನು?

ಅಂತರ್ಜಾಲದಲ್ಲಿ ಫೋಟೋ ಇಡಲು ಎರಡು ಬಗೆಯ ಸ್ಥಳಗಳಿವೆ. ಮೊದಲನೆಯದು ಖಾಸಗಿ ಸಂಗ್ರಹ. ಗೂಗಲ್ ಫೋಟೋಸ್, ಗೂಗಲ್ ಡ್ರೈವ್ ಮುಂತಾದವು ಈ ಬಗೆಯವು. ನೀವು ಅನುಮತಿ ಕೊಟ್ಟವರು ಮಾತ್ರ ಇಲ್ಲಿ ಚಿತ್ರ ನೋಡಬಹುದು. ಗೂಗಲ್ ಖಾತೆಯಲ್ಲಿ 15 ಜಿ.ಬಿ.ವರೆಗೆ ಜಾಗ ಉಚಿತ. ಅದರಲ್ಲಿ ಇ-ಮೇಲ್ ಸಹ ಸೇರಿರುತ್ತದೆ.

ಎರಡನೆಯದು ಸಾರ್ವಜನಿಕ ಭಂಡಾರ. ಇವುಗಳಲ್ಲಿ ದೊಡ್ಡದು ವಿಕಿಮೀಡಿಯ ಕಾಮನ್ಸ್. ವಿಕಿಪೀಡಿಯವನ್ನು ನಡೆಸುವ ಲಾಭರಹಿತ ಸಂಸ್ಥೆಯೇ 2004ರ ಸೆಪ್ಟೆಂಬರಿನಲ್ಲಿ ಇದನ್ನು ಆರಂಭಿಸಿತು. ಈಗ ಅದರಲ್ಲಿ 10 ಕೋಟಿಗೂ ಹೆಚ್ಚು ಚಿತ್ರ ಮತ್ತಿತರ ಕಡತಗಳಿವೆ. ಶುಲ್ಕವಿಲ್ಲ. ಅಲ್ಲಿರುವ ಚಿತ್ರವನ್ನು ಶಾಲಾ ಪುಸ್ತಕದವರು, ಪತ್ರಿಕೆಯವರು, ಪಶುವೈದ್ಯ ವಿದ್ಯಾರ್ಥಿಗಳು, ಯಾರು ಬೇಕಾದರೂ ನಿಯಮದಂತೆ ಬಳಸಬಹುದು. 2003ರಿಂದ ಇರುವ ಕನ್ನಡ ವಿಕಿಪೀಡಿಯದ ಲೇಖನಗಳಿಗೂ ಅಲ್ಲಿಂದಲೇ ಚಿತ್ರ ಸೇರಿಸುತ್ತಾರೆ.

ಇಲ್ಲಿ ಒಂದು ಮಾತು ಸ್ಪಷ್ಟವಿರಲಿ. ಸಾರ್ವಜನಿಕ ಭಂಡಾರವು ಮನೆಯ ಆಲ್ಬಮ್ ಅಲ್ಲ. ಕಲಿಯುವವರಿಗೆ, ತಿಳಿಯುವವರಿಗೆ ಉಪಯೋಗವಾಗುವ ಚಿತ್ರಗಳನ್ನು ಮಾತ್ರ ಅಲ್ಲಿ ಇಟ್ಟುಕೊಳ್ಳುತ್ತಾರೆ. ಆದ್ದರಿಂದ ಎಲ್ಲ ಫೋಟೋಗಳು ಖಾಸಗಿ ಸಂಗ್ರಹಕ್ಕೆ, ಆಯ್ದ ಕೆಲವು ಮಾತ್ರ ಸಾರ್ವಜನಿಕ ಭಂಡಾರಕ್ಕೆ ಎಂಬುದು ನಮ್ಮ ನಿಯಮವಾಗಲಿ.

2. ಫೋಟೋ ತೆಗೆಯುವಾಗಲೇ ಗಮನಿಸಬೇಕಾದದ್ದು

ಕಾರ್ಯಕ್ರಮಕ್ಕೆ ಮೊದಲೇ ಒಬ್ಬರಿಗೆ ಫೋಟೋ ಹೊಣೆ ವಹಿಸಿರಿ. ಓದುವ ಮಗಳೋ ಮಗನೋ ಇದ್ದರೆ ಇನ್ನೂ ಒಳ್ಳೆಯದು. ಅವರಿಗೆ ಹೀಗೆ ಹೇಳಿರಿ:

ಅ) ಫೋನಿನ ದಿನಾಂಕ, ಸಮಯ ಸರಿಯಿದೆಯೇ ನೋಡಿಕೊಳ್ಳಬೇಕು. ಪ್ರತಿ ಫೋಟೋದೊಳಗೂ ಫೋನು ಅದನ್ನು ತಾನಾಗಿಯೇ ಬರೆದಿಡುತ್ತದೆ. ಲೊಕೇಶನ್ ಚಾಲೂ ಇದ್ದರೆ ಸ್ಥಳವೂ ದಾಖಲಾಗುತ್ತದೆ. ಶಿಬಿರ ನಡೆದ ಮೈದಾನಕ್ಕೆ ಇದು ಅನುಕೂಲ. ಸದಸ್ಯರ ಮನೆಯ ಕೊಟ್ಟಿಗೆಯಲ್ಲಿ ತೆಗೆಯುವಾಗ ಲೊಕೇಶನ್ ಆರಿಸಿಡಬೇಕು. ಹಾಲು ಕೊಡುವ ಬೆಲೆಬಾಳುವ ಹಸು ಯಾವ ಮನೆಯಲ್ಲಿದೆ ಎಂದು ಊರಿಗೆಲ್ಲ ಸಾರುವ ಅಗತ್ಯವಿಲ್ಲ.

ಆ) ವೇದಿಕೆಯ ಹಾರ, ಶಾಲುಗಳನ್ನಷ್ಟೇ ತೆಗೆದರೆ ಸಾಲದು. ಲಸಿಕೆ ಹಾಕುವ ಕೈ, ಹಾಲಿನ ಮಾದರಿ ತೆಗೆಯುವ ಪರೀಕ್ಷಕರು, ಸಾಲಿನಲ್ಲಿ ಕ್ಯಾನು ಹಿಡಿದು ನಿಂತ ತಾಯಂದಿರು, ಇವೇ ಮುಂದೆ ಬೆಲೆ ಬರುವ ಚಿತ್ರಗಳು.

ಇ) ರಾಸಿನ ಫೋಟೋ ತೆಗೆಯುವಾಗ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬೆಳಗಿನ ಅಥವಾ ಸಂಜೆಯ ಬಿಸಿಲು ರಾಸಿನ ಮೇಲೆ ಬೀಳುವಂತೆ ನೋಡಿಕೊಳ್ಳಬೇಕು. ಫೋನನ್ನು ರಾಸಿನ ಹೊಟ್ಟೆಯ ಮಟ್ಟಕ್ಕೆ ಹಿಡಿಯಬೇಕು. ನಿಂತು ಮೇಲಿನಿಂದ ತೆಗೆದರೆ ಕಾಲು ಗಿಡ್ಡವಾಗಿ ಕಾಣುತ್ತವೆ. ಪಕ್ಕದಿಂದ ಒಂದು, ಮುಖ ಮತ್ತು ಕೊಂಬಿನದು ಒಂದು, ಹಿಂದಿನಿಂದ ಕೆಚ್ಚಲು ಕಾಣುವಂತೆ ಒಂದು, ಇಷ್ಟಾದರೆ ತಳಿಯ ಲಕ್ಷಣಗಳು ತಿಳಿಯುತ್ತವೆ. ಫ್ಲಾಶ್ ಬಳಸಬಾರದು, ರಾಸು ಬೆದರಿ ಹಿಡಿದವರನ್ನು ಒದೆಯಬಹುದು ಅಥವಾ ಎಳೆದಾಡಬಹುದು.

3. ಶೋಧಿಸುವುದು

ಹಾಲನ್ನು ಶೋಧಿಸಿ ಕ್ಯಾನಿಗೆ ಹಾಕುವಂತೆ ಫೋಟೋಗಳನ್ನೂ ಶೋಧಿಸಬೇಕು. ಈ ಕೆಲಸ ಕಾರ್ಯಕ್ರಮವಾದ ಒಂದು ವಾರದೊಳಗೆ ಆಗಲಿ. ತಡವಾದರೆ ಯಾರು, ಏನು ಎಂಬುದು ಮರೆತುಹೋಗುತ್ತದೆ.

ಎಲ್ಲರ ಫೋನಿನಿಂದಲೂ ಫೋಟೋಗಳನ್ನು ಸಂಘದ ಕಂಪ್ಯೂಟರಿಗೆ ತನ್ನಿರಿ. ವಾಟ್ಸಾಪಿನಲ್ಲಿ ಮಾಮೂಲಿನಂತೆ ಕಳುಹಿಸಿದರೆ ಫೋಟೋ ಕುಗ್ಗುತ್ತದೆ. ಒಳಗಿದ್ದ ದಿನಾಂಕದ ವಿವರವೂ ಕಳೆದುಹೋಗುತ್ತದೆ. ಕೇಬಲ್ ಅಥವಾ ಪೆನ್‌ಡ್ರೈವ್ ಬಳಸಿರಿ. ವಾಟ್ಸಾಪಿನಲ್ಲೇ ಕಳುಹಿಸಬೇಕಾದರೆ 'ಡಾಕ್ಯುಮೆಂಟ್' ಎಂದು ಆರಿಸಿ ಕಳುಹಿಸಿರಿ. ಆಗ ಮೂಲ ಫೋಟೋ ಇದ್ದಂತೆಯೇ ಬರುತ್ತದೆ.

ಉದಾಹರಣೆಗೆ, ಕರು ಪ್ರದರ್ಶನವೊಂದರಲ್ಲಿ 300 ಫೋಟೋ ಬಂದಿವೆ ಎನ್ನೋಣ. ಮಸುಕಾದವು, ಕಣ್ಣು ಮುಚ್ಚಿದವು, ಒಂದೇ ದೃಶ್ಯದ ಐದಾರು ಪ್ರತಿಗಳನ್ನು ತೆಗೆದರೆ 100 ಉಳಿಯಬಹುದು. ಇವು ಸಂಘದ ಸಂಗ್ರಹಕ್ಕೆ. ಅವುಗಳಲ್ಲಿ ಬೇರೆಯವರಿಗೂ ತಿಳಿವಳಿಕೆ ಕೊಡುವ 15-20 ಆಯ್ದರೆ ಅವು ಸಾರ್ವಜನಿಕ ಭಂಡಾರಕ್ಕೆ.

4. ಹೆಸರಿಡುವುದು

ಕಿವಿಯೋಲೆಯ 12 ಅಂಕಿ ಇಲ್ಲದಿದ್ದರೆ ರಾಸಿನ ಲಸಿಕೆ, ಗರ್ಭಧಾರಣೆಯ ಲೆಕ್ಕ ಸಿಗದು. ಫೋಟೋಗೆ ಅದರ ಹೆಸರೇ ಕಿವಿಯೋಲೆ. ಫೋನು ಕೊಡುವ ಐ.ಎಂ.ಜಿ. 0457 ಎಂಬಂಥ ಹೆಸರಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಇಂಥ ಅರ್ಥವಿಲ್ಲದ ಹೆಸರುಗಳನ್ನು ಕಾಮನ್ಸ್ ಸಹ ಒಪ್ಪುವುದಿಲ್ಲ.

ಮೊದಲು ವರ್ಷ, ನಂತರ ತಿಂಗಳು, ನಂತರ ದಿನ, ಆಮೇಲೆ ಕಾರ್ಯಕ್ರಮ, ಊರು, ಕ್ರಮಸಂಖ್ಯೆ ಬರೆಯಿರಿ. ಮಾದರಿ: 2025-11-26 ಹಾಲು ದಿನ (ಊರಿನ ಹೆಸರು) 03. ವರ್ಷ ಮೊದಲು ಬಂದರೆ ಕಂಪ್ಯೂಟರು ತಾನಾಗಿಯೇ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ಕಾರ್ಯಕ್ರಮಕ್ಕೊಂದು ಫೋಲ್ಡರ್ ಇದ್ದರೆ ಸಾಕು. ಕಾಮನ್ಸ್‌ನಲ್ಲಿ ಕನ್ನಡದ ಹೆಸರನ್ನೂ ಇಡಬಹುದು. ಆದರೆ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷಿಗಿಂತ ಹೆಚ್ಚು ಜಾಗ ಹಿಡಿಯುವುದರಿಂದ ಹೆಸರು ಚಿಕ್ಕದಾಗಿರಲಿ.

5. ವಿವರ ಬರೆಯುವುದು

ಯಾರು, ಏನು, ಎಲ್ಲಿ, ಯಾವಾಗ, ಈ ನಾಲ್ಕು ಪ್ರಶ್ನೆಗಳಿಗೆ ಎರಡು ಸಾಲಿನಲ್ಲಿ ಉತ್ತರ ಬರೆದರೆ ವಿವರ ಮುಗಿಯಿತು. ಗುಂಪಿನ ಚಿತ್ರವಾದರೆ 'ಎಡದಿಂದ ಬಲಕ್ಕೆ' ಎಂದು ಹೆಸರುಗಳನ್ನು ಸಂಘದ ವಹಿಯಲ್ಲಿ ಬರೆದಿಡಿ. ಅಧ್ಯಕ್ಷರ ಹೆಸರು ಬರೆದು ಉಳಿದವರನ್ನು 'ಮತ್ತಿತರರು' ಎಂದು ಬಿಟ್ಟುಬಿಡುವ ಅಭ್ಯಾಸ ಸರಿಯಲ್ಲ. ಹಾಲು ಹಾಕಿ ಸಂಘ ಬೆಳೆಸಿದವರು ಆ ಮತ್ತಿತರರೇ.

ತಳಿಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ಕೃಷ್ಣಾ ಕಣಿವೆ, ದೇವಣಿ, ಮಲೆನಾಡು ಗಿಡ್ಡ ನಮ್ಮ ನಾಡಿನಲ್ಲಿ ಕಂಡುಬರುವ ದೇಶೀಯ ಗೋತಳಿಗಳು. ಕಪ್ಪುಬಿಳಿ ಬಣ್ಣ ಕಂಡೊಡನೆ ಎಚ್.ಎಫ್. ಎಂದು ಬರೆಯಬೇಡಿ; ನಮ್ಮ ಕೊಟ್ಟಿಗೆಗಳಲ್ಲಿರುವ ಅಂಥ ಹಸುಗಳಲ್ಲಿ ಬಹುಪಾಲು ಮಿಶ್ರತಳಿಯವು. 'ಎಚ್.ಎಫ್. ಮಿಶ್ರತಳಿ' ಎಂದು ಬರೆಯಿರಿ. ಸಂಶಯವಿದ್ದರೆ ನಿಮ್ಮ ಪಶುವೈದ್ಯರನ್ನು ಕೇಳಿರಿ. ತಿಳಿಯದಿದ್ದರೆ 'ಹಸು' ಎಂದಷ್ಟೇ ಬರೆದರೂ ದೋಷವಿಲ್ಲ. ತಪ್ಪು ಹೆಸರಿನ ಒಂದು ಚಿತ್ರ ನೂರು ಕಡೆ ಹರಡಿ ಕಲಿಯುವ ಮಕ್ಕಳಿಗೆ ತಪ್ಪು ಪಾಠ ಹೇಳುತ್ತದೆ.

6. ಹಕ್ಕು ಮತ್ತು ಒಪ್ಪಿಗೆ

ಇದು ಈ ಪಾಠದ ಮುಖ್ಯ ಭಾಗ. ದಯವಿಟ್ಟು ಎರಡು ಸಲ ಓದಿಕೊಳ್ಳಿ.

ಫೋಟೋದ ಹಕ್ಕು ಸಾಮಾನ್ಯವಾಗಿ ತೆಗೆದವರದು. ವಾಟ್ಸಾಪಿನಲ್ಲಿ ಬಂದದ್ದು, ಪತ್ರಿಕೆಯಲ್ಲಿ ಅಚ್ಚಾದದ್ದು, ಬೇರೆ ಜಾಲತಾಣದಲ್ಲಿ ಸಿಕ್ಕಿದ್ದು ನಮ್ಮದಲ್ಲ. ಅವನ್ನು ಭಂಡಾರಕ್ಕೆ ಸೇರಿಸಬಾರದು. ಸ್ಟುಡಿಯೋದವರು ತೆಗೆದಿದ್ದರೆ ಅವರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಒಪ್ಪಂದ ಮಾಡಿಕೊಳ್ಳುವಾಗಲೇ ಈ ಮಾತು ಆಡಿದರೆ ಮುಂದೆ ತಕರಾರಿಲ್ಲ. ಫ್ಲೆಕ್ಸ್, ಲಾಂಛನ, ಹಾಲಿನ ಪ್ಯಾಕೆಟ್ಟಿನ ಚಿತ್ತಾರ ಇವುಗಳನ್ನೇ ಮುಖ್ಯವಾಗಿ ತೋರಿಸುವ ಫೋಟೋಗಳಿಗೂ ವಿನ್ಯಾಸ ಮಾಡಿದವರ ಹಕ್ಕು ಅಡ್ಡಬರುತ್ತದೆ. ಹಿನ್ನೆಲೆಯಲ್ಲಿ ಅಲ್ಪಸ್ವಲ್ಪ ಕಂಡರೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಕಾಮನ್ಸ್‌ಗೆ ಸೇರಿಸುವಾಗ ಒಂದು ಪರವಾನಗಿಗೆ ಒಪ್ಪಬೇಕಾಗುತ್ತದೆ. ಹೆಚ್ಚಾಗಿ ಬಳಸುವ ಪರವಾನಗಿಯ ತಿರುಳು ಹೀಗಿದೆ: 'ಯಾರು ಬೇಕಾದರೂ, ವ್ಯಾಪಾರಕ್ಕೂ, ಬದಲಾಯಿಸಿಯೂ ಬಳಸಬಹುದು, ಆದರೆ ತೆಗೆದವರ ಹೆಸರು ಹೇಳಬೇಕು, ಬದಲಾಯಿಸಿ ಹಂಚಿದರೆ ಇದೇ ಷರತ್ತಿನಲ್ಲಿ ಹಂಚಬೇಕು.' ಒಮ್ಮೆ ಕೊಟ್ಟ ಈ ಪರವಾನಗಿಯನ್ನು ಹಿಂಪಡೆಯಲು ಬರುವುದಿಲ್ಲ. ಡೇರಿಗೆ ಅಳೆದು ಹಾಕಿದ ಹಾಲನ್ನು ಮತ್ತೆ ಚೆಂಬಿಗೆ ತುಂಬಿಕೊಳ್ಳಲಾಗದು, ಅಲ್ಲವೇ? ತಪ್ಪಾಗಿ ಏರಿಸಿದ್ದರೆ 7 ದಿನಗಳೊಳಗೆ ಅಳಿಸುವಂತೆ ಕೋರಬಹುದು. ಎಲ್ಲಿಯೂ ಬಳಕೆಯಾಗದ ಚಿತ್ರವಾದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಅಷ್ಟರಲ್ಲಿ ಯಾರಾದರೂ ಇಳಿಸಿಕೊಂಡಿದ್ದರೆ ಅದನ್ನು ತಡೆಯಲಾಗದು.

ಆದ್ದರಿಂದ ಚಿತ್ರದಲ್ಲಿರುವವರ ಒಪ್ಪಿಗೆ ಬಹಳ ಮುಖ್ಯ. ವಿಶೇಷವಾಗಿ ನಮ್ಮ ಮಹಿಳಾ ಸದಸ್ಯರನ್ನು ಕೇಳದೆ ಅವರ ಮುಖ ಕಾಣುವ ಚಿತ್ರವನ್ನು ಸಾರ್ವಜನಿಕವಾಗಿ ಇಡಬಾರದು. ಮನೆಯ ಯಜಮಾನರು ಒಪ್ಪಿದರು ಎಂದರೆ ಸಾಲದು; ಆ ತಾಯಿಯೇ ಒಪ್ಪಬೇಕು. ಮಕ್ಕಳ ಚಿತ್ರಕ್ಕೆ ತಂದೆತಾಯಿಯ ಒಪ್ಪಿಗೆ ಬೇಕು. ಸಭೆಯ ಆರಂಭದಲ್ಲಿ 'ಇಂದು ಫೋಟೋ ತೆಗೆಯುತ್ತೇವೆ, ಬೇಡವೆನ್ನುವವರು ಹೇಳಿರಿ' ಎಂದು ಪ್ರಕಟಿಸಿ, ಆಯ್ದ ಚಿತ್ರಗಳನ್ನು ಏರಿಸುವ ಮೊದಲು ಸಂಬಂಧಪಟ್ಟವರಿಗೆ ತೋರಿಸಿರಿ.

ಪಾಸ್ ಪುಸ್ತಕ, ಬ್ಯಾಂಕ್ ಖಾತೆ, ಆಧಾರ್, ಫೋನ್ ನಂಬರು, ಬಟವಾಡೆ ಪಟ್ಟಿ ಕಾಣುವ ಚಿತ್ರಗಳನ್ನು ಸಾರ್ವಜನಿಕ ಭಂಡಾರಕ್ಕೆ ಹಾಕಲೇಬಾರದು. ಕಿವಿಯೋಲೆಯ ಸಂಖ್ಯೆ ಓದುವಷ್ಟು ಸ್ಪಷ್ಟವಿದ್ದರೆ ಅದನ್ನು ಮರೆಮಾಡಿ. ವಿಮೆಯ ದಾಖಲೆಗೂ ಅದೇ ಸಂಖ್ಯೆ ಆಧಾರ. ವಿಮೆಗೆ ಬೇಕಾದ ಫೋಟೋಗಳನ್ನು ಬೇರೆಯಾಗಿಯೇ ಇಡಿ.

7. ಏರಿಸುವ ಕ್ರಮ

1. ಕಾಮನ್ಸ್ ತಾಣದಲ್ಲಿ ಖಾತೆ ತೆರೆಯಿರಿ. ಇ-ಮೇಲ್ ವಿಳಾಸ ಕೊಟ್ಟಿದ್ದರೆ ಗುಪ್ತಪದ ಮರೆತಾಗ ಸಹಾಯವಾಗುತ್ತದೆ. ಖಾತೆ ಒಬ್ಬ ವ್ಯಕ್ತಿಯದಾಗಿರಲಿ. ಹತ್ತು ಜನ ಒಂದೇ ಗುಪ್ತಪದ ಹಂಚಿಕೊಳ್ಳಬೇಡಿ.

2. ಬೇಕಾದರೆ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಿ.

3. ಅಪ್‌ಲೋಡ್ ಗುಂಡಿ ಒತ್ತಿ ಫೋಟೋಗಳನ್ನು ಆರಿಸಿರಿ. ಒಂದೇ ಸಲ ಹಲವನ್ನು ಏರಿಸಬಹುದು. ಆದರೆ ಮೊದಲ ಸಲ ನಾಲ್ಕೈದು ಸಾಕು.

4. 'ಸ್ವಂತ ಕೃತಿ' ಎಂಬುದನ್ನು ನೀವೇ ತೆಗೆದಿದ್ದರೆ ಮಾತ್ರ ಗುರುತಿಸಿ, ಪರವಾನಗಿ ಆರಿಸಿರಿ.

5. ಹೆಸರು, ಕನ್ನಡದಲ್ಲಿ ವಿವರ, ತೆಗೆದ ದಿನಾಂಕ ತುಂಬಿರಿ. ಸಾಧ್ಯವಾದರೆ ಇಂಗ್ಲಿಷಿನಲ್ಲೂ ಒಂದು ಸಾಲು ಬರೆಯಿರಿ.

6. ವರ್ಗ ಸೇರಿಸಿರಿ. ಡೇರಿಯ ಗೋದಾಮಿನಲ್ಲಿ ಪಶು ಆಹಾರ, ಖನಿಜ ಮಿಶ್ರಣ ಬೇರೆ ಬೇರೆ ಇಡುವಂತೆ ಇಲ್ಲಿ ತಳಿ, ಜಿಲ್ಲೆ, ವಿಷಯವಾರು ವರ್ಗಗಳಿವೆ. ವರ್ಗಗಳ ಹೆಸರು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುವುದರಿಂದ ಕಾಲೇಜು ಓದುವವರ ನೆರವು ಪಡೆಯಿರಿ. ವರ್ಗವಿಲ್ಲದ ಚಿತ್ರ ಹುಡುಕುವವರ ಕೈಗೆ ಸಿಗುವುದು ಕಷ್ಟ.

7. ಏರಿಸಿದ ಚಿತ್ರಗಳ ಪಟ್ಟಿಯನ್ನು ಸಂಘದ ವಹಿಯಲ್ಲಿ ದಾಖಲಿಸಿರಿ.

8. ಹಳೆಯ ಫೋಟೋಗಳು

ಹಳೆಯ ಅಚ್ಚಿನ ಫೋಟೋಗಳನ್ನು ಸ್ಕ್ಯಾನ್ ಮಾಡಿಸುವಾಗ 600 ಡಿ.ಪಿ.ಐ. ಇರಲಿ ಎಂದು ಅಂಗಡಿಯವರಿಗೆ ಹೇಳಿರಿ. ಹಿಂಬದಿಯಲ್ಲಿ ಬರೆದದ್ದಿದ್ದರೆ ಅದನ್ನೂ ಸ್ಕ್ಯಾನ್ ಮಾಡಿಸಿರಿ. ಹೊಸದಾಗಿ ಬರೆಯುವುದಿದ್ದರೆ ಮೆತ್ತಗಿನ ಪೆನ್ಸಿಲ್ ಮಾತ್ರ ಬಳಸಿರಿ. ಬಾಲ್‌ಪೆನ್ನು ಒತ್ತಿ ಮುಂಬದಿ ಹಾಳಾಗುತ್ತದೆ. ಹಳೆಯ ಫೋಟೋವನ್ನು ನಾವು ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಹಕ್ಕು ನಮ್ಮದಾಗುವುದಿಲ್ಲ. ಆದ್ದರಿಂದ ತೆಗೆದವರು ಯಾರೆಂದು ತಿಳಿಯುವವರೆಗೆ ಅವು ಸಂಘದ ಖಾಸಗಿ ಸಂಗ್ರಹದಲ್ಲಿರಲಿ.

ಎಲ್ಲಕ್ಕಿಂತ ಮೊದಲು ಹಿರಿಯ ಸದಸ್ಯರ ಬಳಿ ಕುಳಿತು ಚಿತ್ರದಲ್ಲಿರುವವರ ಹೆಸರು ಕೇಳಿ ಬರೆದುಕೊಳ್ಳಿ. ಫೋಟೋವನ್ನು ನಾಳೆಯೂ ಸ್ಕ್ಯಾನ್ ಮಾಡಬಹುದು. ಹೇಳುವ ಹಿರಿಯರು ನಾಳೆ ಇರುತ್ತಾರೆಂಬ ಭರವಸೆಯಿಲ್ಲ.

ನೆನಪಿಡಿ

• ಪ್ರತಿ ಫೋಟೋಗೆ ಮೂರು ಪ್ರತಿ ಇರಲಿ: ಸಂಘದ ಕಂಪ್ಯೂಟರಿನಲ್ಲಿ ಒಂದು, ಬೇರೆ ಕಟ್ಟಡದಲ್ಲಿಟ್ಟ ಹಾರ್ಡ್ ಡಿಸ್ಕಿನಲ್ಲಿ ಒಂದು, ಅಂತರ್ಜಾಲದ ಖಾಸಗಿ ಸಂಗ್ರಹದಲ್ಲಿ ಒಂದು.

• ವರ್ಷಕ್ಕೊಮ್ಮೆ, ಲೆಕ್ಕ ಪರಿಶೋಧನೆಯ ಸಮಯದಲ್ಲಿ, ಮೂರೂ ಪ್ರತಿಗಳು ತೆರೆಯುತ್ತವೆಯೇ ನೋಡಿರಿ.

• ಖಾಸಗಿ ಸಂಗ್ರಹದ ಗುಪ್ತಪದ ಒಬ್ಬರ ತಲೆಯಲ್ಲಿ ಮಾತ್ರ ಇರಬಾರದು. ಮುಚ್ಚಿದ ಲಕೋಟೆಯಲ್ಲಿ ಸಂಘದ ಬೀರುವಿನಲ್ಲಿರಲಿ. ಕಾರ್ಯದರ್ಶಿ ಬದಲಾದಾಗ ಪ್ರಭಾರ ಪಟ್ಟಿಯಲ್ಲಿ ಫೋಟೋ ಸಂಗ್ರಹವನ್ನೂ ಸೇರಿಸಿರಿ.

• ಒಪ್ಪಿಗೆಯಿಲ್ಲದ ಮುಖ, ಹಕ್ಕಿಲ್ಲದ ಚಿತ್ರ, ಖಚಿತವಿಲ್ಲದ ತಳಿ, ಈ ಮೂರನ್ನೂ ಏರಿಸಬೇಡಿ.

ಮುಂದಿನ ಸಭೆ ಅಥವಾ ಶಿಬಿರದಿಂದಲೇ ಈ ಕೆಲಸ ಆರಂಭಿಸಬಹುದು. ಆಡಳಿತ ಮಂಡಳಿಯವರು ಒಂದು ನಿರ್ಣಯ ಮಾಡಿ, ಒಬ್ಬರಿಗೆ ಹೊಣೆ ವಹಿಸಿ, ಒಂದು ವಹಿ ತೆರೆದರೆ ಸಾಕು. ನಿಮ್ಮ ಸಂಘದ ಶತಮಾನೋತ್ಸವಕ್ಕೆ ಸಂಚಿಕೆ ತರುವ ಮೊಮ್ಮಕ್ಕಳು ಫೋಟೋದಲ್ಲಿರುವವರ ಹೆಸರಿಗಾಗಿ ಮನೆಮನೆ ಅಲೆಯಬೇಕಾಗುವುದಿಲ್ಲ. ಹೆಚ್ಚಿನ ವಿವರಕ್ಕೆ ನಿಮ್ಮ ಮಾರ್ಗದ ವಿಸ್ತರಣಾಧಿಕಾರಿಯನ್ನು ಕೇಳಬಹುದು.