ಓದುವ ದನಿ ಕಿವಿಗೆ, ನಿಮ್ಮ ದನಿ ಮೈಕಿಗೆ

ಸ್ಕ್ರೀನ್ ರೀಡರ್ ನಂಬಿ ಕಂಪ್ಯೂಟರ್ ಬಳಸುವವರು ಮೊದಲ ಸಲ ರೆಕಾರ್ಡಿಂಗ್‌ಗೆ ಕೂತಾಗ ಎದುರಾಗುವ ತೊಡಕು ಹೆಚ್ಚುಕಮ್ಮಿ ಒಂದೇ. ಪಾಠವನ್ನೋ ಪದವನ್ನೋ ಚೆನ್ನಾಗಿಯೇ ಹೇಳಿರುತ್ತಾರೆ. ಮರಳಿ ಕೇಳಿದರೆ ನಡುನಡುವೆ ಸ್ಕ್ರೀನ್ ರೀಡರ್ ಕೂಡ ಮಾತಾಡಿರುತ್ತದೆ. ಇದರಿಂದ ಬೇಸತ್ತು ಕೆಲವರು ಅದರ ಬಾಯಿ ಮುಚ್ಚಿಸಿ, ಅಂದಾಜಿನ ಮೇಲೆ ಕೀ ಒತ್ತುತ್ತಾರೆ. ರೆಕಾರ್ಡಿಂಗ್ ಶುರುವಾಯಿತೋ ಇಲ್ಲವೋ ತಿಳಿಯದೆ ಅರ್ಧ ಗಂಟೆ ಓದಿ ಮುಗಿಸುತ್ತಾರೆ. ಆ ದಾರಿ ಬೇಡ. ಸ್ಕ್ರೀನ್ ರೀಡರ್ ಮಾತಾಡುತ್ತಿರಲಿ. ಅದರ ದನಿ ನಿಮ್ಮ ಕಿವಿಗೆ ಮಾತ್ರ, ನಿಮ್ಮ ದನಿ ಮೈಕಿಗೆ ಮಾತ್ರ ಹೋಗುವಂತೆ ಮಾಡಿಕೊಂಡರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ರೆಕಾರ್ಡ್ ಮಾಡಬೇಕಾದ ದನಿಗಳಿಗೆ ಬರವಿಲ್ಲ. ಮ್ಯಾಸಬೇಡರ ದೇವರ ಪದ, ಗೊರವರ ಹಾಡು, ಸೋಬಾನೆ, ಬೀಸುಕಲ್ಲಿನ ಪದ ಇವೆಲ್ಲ ಇನ್ನೂ ಹಿರಿಯರ ನಾಲಿಗೆಯ ಮೇಲಿವೆ. ಪಕ್ಕದ ಸಂಡೂರು ತಾಲೂಕಿನ ದರೋಜಿ ಈರಮ್ಮ ಓದುಬರಹ ಕಲಿಯದೆಯೇ ರಾತ್ರಿಯಿಡೀ ಬುರ್ರಕಥೆ ಹಾಡುತ್ತಿದ್ದರು. 2014ರಲ್ಲಿ ಅವರು ತೀರಿಕೊಂಡರೂ ಅವರ ಕಾವ್ಯಗಳು ಉಳಿದದ್ದು, ಯಾರೋ ಎದುರು ಕೂತು ಕೇಳಿ ದಾಖಲಿಸಿದ್ದರಿಂದ. ಕೇಳಿಯೇ ಬದುಕು ಕಟ್ಟಿಕೊಂಡವರಿಗಿಂತ ಈ ಕೆಲಸಕ್ಕೆ ತಕ್ಕವರು ಯಾರಿದ್ದಾರೆ? ಇನ್ನೊಂದು ಅಗತ್ಯ ಪಠ್ಯಪುಸ್ತಕಗಳದ್ದು. 1990ರಲ್ಲಿ ಶುರುವಾದ ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆ ಮಾತಾಡುವ ಪುಸ್ತಕಗಳ ಗ್ರಂಥಾಲಯವನ್ನೇ ನಡೆಸುತ್ತಿದೆ. ಲಾಭದ ಉದ್ದೇಶವಿಲ್ಲದೆ, ಅಂಗವಿಕಲರ ಓದಿಗೆಂದು ಪುಸ್ತಕವನ್ನು ದನಿಗೆ ತರಲು 2012ರ ಕೃತಿಸ್ವಾಮ್ಯ ತಿದ್ದುಪಡಿ ಅವಕಾಶ ಕೊಟ್ಟಿದೆ. ನಿಮ್ಮ ಊರಿನ ಪಿಯುಸಿ ಹುಡುಗನಿಗೆ ನೀವೇ ಒಂದು ಅಧ್ಯಾಯ ಓದಿಕೊಡಬಹುದು.

ಬೇಕಾದ ತಂತ್ರಾಂಶ ಎರಡು, ಎರಡೂ ಪುಕ್ಕಟೆ. ಒಂದು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್. ಸ್ವತಃ ಕಣ್ಣು ಕಾಣದ ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಇದನ್ನು ಆರಂಭಿಸಿದರು. ಇದರ ಜೊತೆಗೇ ಬರುವ ಇಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ಇನ್ನೊಂದು ಆಡಾಸಿಟಿ. ಮೌಸ್ ಮುಟ್ಟದೆ ಕೀಬೋರ್ಡಿನಿಂದಲೇ ಇದರಲ್ಲಿ ರೆಕಾರ್ಡ್ ಮಾಡಿ, ಕತ್ತರಿಸಿ, ಜೋಡಿಸಬಹುದು.

ಎನ್‌ವಿಡಿಎ ದನಿ ರೆಕಾರ್ಡಿಂಗ್‌ನೊಳಗೆ ನುಸುಳಲು ಮೂರು ಸಂದುಗಳಿವೆ. ಸ್ಪೀಕರಿನಿಂದ ಹೊರಬಂದ ದನಿಯನ್ನು ಮೈಕ್ ಹಿಡಿಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೆಡ್‌ಫೋನ್ ಹಾಕಿ, ಕಿವಿಯನ್ನು ಪೂರ್ತಿ ಮುಚ್ಚುವಂಥದ್ದನ್ನೇ ಹಾಕಿ, ದನಿ ತಗ್ಗಿಸಿ. ಹೆಡ್‌ಫೋನ್ ಹಾಕಿದ ಮೇಲೂ ಎನ್‌ವಿಡಿಎ ಸ್ಪಷ್ಟವಾಗಿ, ನಿಮ್ಮ ದನಿಯಷ್ಟೇ ಜೋರಾಗಿ ಕೇಳುತ್ತಿದ್ದರೆ ತಪ್ಪು ಗಾಳಿಯದಲ್ಲ, ಸೆಟ್ಟಿಂಗಿನದು. ಕಂಪ್ಯೂಟರ್ ತನ್ನದೇ ದನಿಯನ್ನು ಒಳಗಿಂದೊಳಗೆ ರೆಕಾರ್ಡ್ ಮಾಡುತ್ತಿದೆ. ಆಡಾಸಿಟಿಯಲ್ಲಿ ಶಿಫ್ಟ್ ಮತ್ತು ಐ ಒತ್ತಿ, ರೆಕಾರ್ಡಿಂಗ್ ಸಾಧನದ ಹೆಸರು ಕೇಳಿಸಿಕೊಳ್ಳಿ. ಆ ಹೆಸರಿನಲ್ಲಿ ‘ಸ್ಟೀರಿಯೊ ಮಿಕ್ಸ್’ ಎಂದೋ ‘ಲೂಪ್‌ಬ್ಯಾಕ್’ ಎಂದೋ ಇದ್ದರೆ ಬಿಟ್ಟು, ನಿಮ್ಮ ಮೈಕಿನ ಹೆಸರು ಆರಿಸಿ.

ಮೂರನೆಯ ಸಂದು ಮೋಸದ್ದು. ಮೊಬೈಲಿನ ಹೆಡ್‌ಸೆಟ್ಟನ್ನು ಲ್ಯಾಪ್‌ಟಾಪಿನ ಒಂದೇ ತೂತಿಗೆ ಚುಚ್ಚಿದಾಗ ಕಿವಿಯ ತಂತಿಯ ದನಿ ಮೈಕಿನ ತಂತಿಗೆ ಸಣ್ಣಗೆ ಇಳಿಯುತ್ತದೆ; ಎನ್‌ವಿಡಿಎ ಎಲ್ಲೋ ದೂರದಿಂದ ಪಿಸುಗುಟ್ಟಿದಂತೆ ಕೇಳುತ್ತದೆ. ಯುಎಸ್‌ಬಿ ಮೈಕ್ ಇದ್ದರೆ ಈ ರಗಳೆಯೇ ಇಲ್ಲ. ಬ್ಲೂಟೂತ್ ಹೆಡ್‌ಸೆಟ್ ಮಾತ್ರ ಬೇಡ. ಅದರ ಮೈಕ್ ಚಾಲೂ ಆದೊಡನೆ ದನಿ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ.

ಸೋರಿಕೆ ಇದೆಯೋ ಇಲ್ಲವೋ ನೋಡುವ ಬಗೆ ಹೀಗೆ. ಆಡಾಸಿಟಿಯಲ್ಲಿ ಆರ್ ಒತ್ತಿ, ನೀವು ತುಟಿ ಬಿಚ್ಚಬೇಡಿ. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್) ಜೊತೆಗೆ ಎಫ್12 ಒತ್ತಿದರೆ ಅದು ಸಮಯ ಹೇಳುತ್ತದೆ. ಎರಡು ಮೂರು ಸಲ ಹೇಳಿಸಿ. ಸ್ಪೇಸ್ ಒತ್ತಿ ನಿಲ್ಲಿಸಿ, ಮತ್ತೆ ಸ್ಪೇಸ್ ಒತ್ತಿ ಕೇಳಿ. ಗಂಟೆ ನಿಮಿಷ ಯಾವುದೂ ಕೇಳಿಸದಿದ್ದರೆ ಎರಡು ದನಿಗಳ ದಾರಿ ಬೇರೆಯಾಗಿದೆ ಎಂದರ್ಥ.

ಇನ್ನು ಮಟ್ಟದ ವಿಚಾರ. ಕಣ್ಣಿದ್ದವರು ಪರದೆಯ ಮೇಲೆ ಕುಣಿಯುವ ಹಸಿರು ಪಟ್ಟಿ ನೋಡಿ ದನಿ ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯುತ್ತಾರೆ. ನಮಗೆ ಅದಕ್ಕಿಂತ ಖಚಿತವಾದ ಉಪಾಯವೊಂದಿದೆ, ಇದನ್ನು ಕಲಿಸುವಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ. ಒಂದು ಪ್ಯಾರಾ ಓದಿ ರೆಕಾರ್ಡ್ ಮಾಡಿ. ಕಂಟ್ರೋಲ್ ಮತ್ತು ಎ ಒತ್ತಿ ಪೂರ್ತಿ ಆರಿಸಿ. ಎಫೆಕ್ಟ್ ಮೆನುವಿನಲ್ಲಿ ಆಂಪ್ಲಿಫೈ ತೆರೆಯಿರಿ. ಅಲ್ಲಿ ಒಂದು ಸಂಖ್ಯೆ ತಾನಾಗಿಯೇ ತುಂಬಿರುತ್ತದೆ. ನಿಮ್ಮ ದನಿ ಮೇಲಿನ ಮಿತಿ ಮುಟ್ಟಲು ಇನ್ನೂ ಎಷ್ಟು ಡೆಸಿಬೆಲ್ ಬಾಕಿ ಇದೆ ಎನ್ನುವ ಲೆಕ್ಕ ಅದು. ಎನ್‌ವಿಡಿಎ 6ರಿಂದ 12ರೊಳಗಿನ ಸಂಖ್ಯೆ ಓದಿದರೆ ಸರಿಯಾಗಿದೆ. 25 ಎಂದರೆ ಮೈಕ್ ದೂರವಿದೆ ಅಥವಾ ಅದರ ಮಟ್ಟ ತೀರಾ ಕಡಿಮೆ ಇದೆ. ಸೊನ್ನೆ ಎಂದರೆ ದನಿ ಮಿತಿಗೆ ತಾಗಿ ಒಡೆದಿರಬಹುದು. ಒಡೆದ ದನಿಯನ್ನು ಆಮೇಲೆ ಯಾವ ಎಫೆಕ್ಟಿನಿಂದಲೂ ಚೆನ್ನಾಗಿ ಸರಿಪಡಿಸಲಾಗದು, ಮಟ್ಟ ತಗ್ಗಿಸಿ ಮತ್ತೆ ಓದುವುದೇ ಮೇಲು. ಸಂಖ್ಯೆ ಕೇಳಿಕೊಂಡು ಎಸ್ಕೇಪ್ ಒತ್ತಿ ಹೊರಬನ್ನಿ, ಓಕೆ ಒತ್ತಬೇಡಿ. ಮೈಕಿನ ಮಟ್ಟ ಬದಲಿಸಲು ವಿಂಡೋಸ್ ಕೀ ಮತ್ತು ಆರ್ ಒತ್ತಿ, ಎಂಎಂಎಸ್‌ವೈಎಸ್ ಡಾಟ್ ಸಿಪಿಎಲ್ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಮಾಡಿ. ರೆಕಾರ್ಡಿಂಗ್ ಟ್ಯಾಬಿನಲ್ಲಿ ನಿಮ್ಮ ಮೈಕಿನ ಪ್ರಾಪರ್ಟೀಸ್ ಒಳಗೆ ಲೆವೆಲ್ಸ್ ಇದೆ.

ಇದೇ ಉಪಾಯದಿಂದ ಮೌನವನ್ನೂ ಅಳೆಯಬಹುದು. ಹಡಗಲಿ ತಾಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರೆ. ಭವಿಷ್ಯ ನುಡಿಯುವ ಕಾರ್ಣಿಕದ ಆ ಒಂದು ಸಾಲು ಕೇಳಿಸುವುದು ಆ ಮೌನದ ದೆಸೆಯಿಂದ. ನಿಮ್ಮ ಕೋಣೆಗೂ ಅಂಥ ಐದಾರು ಸೆಕೆಂಡು ಕೊಡಿ. ಏನೂ ಮಾತಾಡದೆ ಆ ಮೌನವನ್ನಷ್ಟೇ ರೆಕಾರ್ಡ್ ಮಾಡಿ, ಆರಿಸಿ, ಆಂಪ್ಲಿಫೈ ತೆರೆಯಿರಿ. ಇಲ್ಲಿ ಸಂಖ್ಯೆ ದೊಡ್ಡದಿದ್ದಷ್ಟೂ ಒಳ್ಳೆಯದು. 50ರ ಹತ್ತಿರವಿದ್ದರೆ ಕೋಣೆ ಸಾಕಷ್ಟು ಸುಮ್ಮನಿದೆ. 30ರ ಆಸುಪಾಸಿನಲ್ಲಿದ್ದರೆ ಯಾವುದೋ ಸದ್ದು ಕೂತಿದೆ, ಹುಡುಕಿ. ಮೊದಲ ಅನುಮಾನ ಫ್ಯಾನಿನ ಮೇಲೆ. ಎರಡನೆಯದು ಚಾರ್ಜರ್ ಮೇಲೆ. ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಅದರಿಂದ ಸಣ್ಣ ಗುಂಯ್ ಎನ್ನುವ ಸದ್ದು ಸೇರುತ್ತದೆ. ಬ್ಯಾಟರಿ ತುಂಬಿಸಿಕೊಂಡು, ಚಾರ್ಜರ್ ಕಿತ್ತು ರೆಕಾರ್ಡ್ ಮಾಡಿ. ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ.

ಕೋಣೆಯ ಮಾತು ಬಂದಾಗ ನಮ್ಮ ಸೀಮೆಯವರು ಸ್ಟುಡಿಯೊ ಇಲ್ಲವೆಂದು ಕೊರಗಬೇಕಿಲ್ಲ. ಹೊಸ ಆರ್‌ಸಿಸಿ ಮನೆಯ ಖಾಲಿ ಕೋಣೆ ದನಿಯನ್ನು ಗೋಡೆಯಿಂದ ಗೋಡೆಗೆ ಎಸೆಯುತ್ತದೆ. ಹಳೆಯ ಮಣ್ಣಿನ ಮಾಳಿಗೆ ಮನೆಯ ನಡುಮನೆ, ಶೇಂಗಾ ಚೀಲ ಪೇರಿಸಿದ ಕೋಣೆ, ಬಟ್ಟೆ ತುಂಬಿದ ಹಗ್ಗದ ಪಕ್ಕದ ಮೂಲೆ ಇವೆಲ್ಲ ದನಿಯನ್ನು ಹೀರಿಕೊಳ್ಳುತ್ತವೆ. ಎಲ್ಲಕ್ಕಿಂತ ಮೇಲು ಕೌದಿ. ಹಲವು ಪದರ ಹಳೆ ಸೀರೆ ಸೇರಿಸಿ ಹೊಲಿದ ಅದರಂಥ ದಪ್ಪ ಬಟ್ಟೆ ಮನೆಯಲ್ಲೇ ಇರುವಾಗ ಅಂಗಡಿಯ ಫೋಮ್ ಹಾಳೆಗೆ ದುಡ್ಡು ಸುರಿಯುವುದೇಕೆ? ಒಂದನ್ನು ನಿಮ್ಮ ಬೆನ್ನ ಹಿಂದೆ ಹಗ್ಗಕ್ಕೆ ನೇತುಹಾಕಿ, ಇನ್ನೊಂದನ್ನು ಮೈಕಿನಡಿ ಮಡಚಿ ಹಾಕಿ. ಕೀ ಒತ್ತಿದ ಟಕ್ ಸದ್ದು ಮೇಜಿನ ಮೂಲಕ ಏರುವುದಿಲ್ಲ. ಗಿರಣಿ, ಬೋರ್‌ವೆಲ್ ಮೋಟಾರು, ಗುಡಿಯ ಮೈಕು, ಟ್ರ್ಯಾಕ್ಟರ್ ಯಾವುದೂ ಇಲ್ಲದ ಹೊತ್ತು ಯಾವುದೆಂದು ನಿಮ್ಮ ಓಣಿಯನ್ನು ಒಂದು ವಾರ ಕೇಳಿ ತಿಳಿಯಿರಿ.

ಮೈಕ್ ಬಾಯಿಗೆ ಒಂದು ಗೇಣು ದೂರವಿರಲಿ, ನೇರ ಮುಂದೆ ಬೇಡ, ಸ್ವಲ್ಪ ಓರೆಯಾಗಿರಲಿ. ಪ, ಫ, ಭ ಹೇಳುವಾಗ ಹೊರಡುವ ಗಾಳಿ ಆಗ ಮೈಕಿಗೆ ನೇರವಾಗಿ ಬಡಿಯದು.

ಓದುವಾಗ ಎನ್‌ವಿಡಿಎ ತಾನಾಗಿ ಬಾಯಿ ಹಾಕುವುದು ಗಮನ ಕೆಡಿಸಿದರೆ ಎನ್‌ವಿಡಿಎ ಕೀ ಮತ್ತು ಎಸ್ ಒತ್ತಿ ‘ಆನ್ ಡಿಮ್ಯಾಂಡ್’ ಸ್ಥಿತಿಗೆ ತನ್ನಿ. 2024ರಿಂದೀಚಿನ ಆವೃತ್ತಿಗಳಲ್ಲಿ ಇದಿದೆ. ನೀವು ಕೇಳಿದರಷ್ಟೇ ಅದು ಉತ್ತರಿಸುತ್ತದೆ. ಓದುವಾಗ ತಪ್ಪಿದರೆ ಮೊದಲಿಂದ ಶುರು ಮಾಡಬೇಡಿ. ನಿಲ್ಲಿಸಿ, ಕರ್ಸರನ್ನು ತಪ್ಪಿದ ವಾಕ್ಯದ ಹಿಂದಕ್ಕೆ ತಂದು ಶಿಫ್ಟ್ ಮತ್ತು ಡಿ ಒತ್ತಿ. ಹಿಂದಿನ ಐದು ಸೆಕೆಂಡು ನಿಮ್ಮದೇ ದನಿ ಕಿವಿಯಲ್ಲಿ ಕೇಳುತ್ತದೆ, ಅದೇ ಧಾಟಿ ಹಿಡಿದು ನೀವು ಮುಂದುವರಿಯಿರಿ. ತಪ್ಪಿದ ಜಾಗದಿಂದ ಹೊಸ ದನಿ ಕೂರುತ್ತದೆ.

ನಾಯ್ಸ್ ರಿಡಕ್ಷನ್ ಬಗ್ಗೆ ಹೊಸಬರಿಗೆ ಬಹಳ ಆಸೆ. ಫ್ಯಾನಿನಂಥ ಒಂದೇ ಸಮನಾದ ಸದ್ದನ್ನು ಅದು ತಗ್ಗಿಸುತ್ತದೆ, ನವಿಲಿನ ಕೂಗನ್ನಲ್ಲ. ಹೆಚ್ಚು ಹಾಕಿದರೆ ಸ, ಶ, ಷ ಸವೆದು ಮಾತು ನೀರಿನೊಳಗಿಂದ ಬಂದಂತಾಗುತ್ತದೆ. ಕೌದಿ ಕಟ್ಟಿದ ಕೋಣೆಗೆ ಅದರ ಅಗತ್ಯ ಅಪರೂಪ.

ಹಿರಿಯರ ಹಾಡು ರೆಕಾರ್ಡ್ ಮಾಡುವಾಗ ಆರಂಭದಲ್ಲೇ ನಿಮ್ಮ ದನಿಯಲ್ಲಿ ಹಾಡುವವರ ಹೆಸರು, ಊರು, ತಾರೀಖು ಹೇಳಿ. ಬೇರೆಯವರಿಗೆ ಕೇಳಿಸಬಹುದೇ ಎಂದು ಅವರನ್ನೇ ಕೇಳಿ, ‘ಆಗಲಪ್ಪ’ ಎಂಬ ಒಪ್ಪಿಗೆಯೂ ಅದರಲ್ಲೇ ಇರಲಿ. ಕಂಟ್ರೋಲ್, ಶಿಫ್ಟ್ ಮತ್ತು ಇ ಒತ್ತಿ ಮೊದಲು ವೇವ್ ಫೈಲ್ ಮಾಡಿ, ಅದನ್ನು ಪೆನ್‌ಡ್ರೈವಿಗೂ ಹಾಕಿ. ವಾಟ್ಸಾಪಿಗೆ ಎಂಪಿ3 ಸಾಕು, ಅದನ್ನೂ ಡಾಕ್ಯುಮೆಂಟ್ ಎಂದೇ ಕಳಿಸಿ. ಮೊದಲು ಕಳಿಸಬೇಕಾದದ್ದು ಹಾಡಿದವರ ಮನೆಗೆ.