ಹುಲಿಗಿಗೆ ಹೊರಡುವ ಮೊದಲು

ಹೊಸಪೇಟೆಯಿಂದ ಹೊಳೆ ದಾಟಿದರೆ ಹುಲಿಗಿ. ಮಗನ ನಡೆ-ನುಡಿ, ಉಡುಗೆ ಹೆಣ್ಣಿನಂತಾದದ್ದು ಕಂಡೊಡನೆ ಈ ಭಾಗದ ಎಷ್ಟೋ ತಾಯ್ತಂದೆಯರ ಕಾಲು ಅತ್ತ ತಿರುಗುತ್ತವೆ. ಹುಲಿಗೆಮ್ಮನ ಗುಡಿಯಲ್ಲಿ ಮುತ್ತು ಕಟ್ಟಿಸಿದರೆ ಮಗ ದೇವಿಯ ಸೇವೆಗೆ ಮೀಸಲಾದ ಜೋಗತಿಯಾಗುತ್ತಾನೆ. ಊರಿನ ಬಾಯಿ ಮುಚ್ಚುತ್ತದೆ, ದೇವಿಯ ಹೆಸರಿನಲ್ಲಿ ಒಂದಿಷ್ಟು ಮರ್ಯಾದೆಯೂ ಸಿಗುತ್ತದೆ. ಆದರೆ ಎಷ್ಟೋ ಸಲ ಮನೆಯ ಋಣವೂ ಅಲ್ಲಿಗೇ ಹರಿದುಹೋಗುತ್ತದೆ.

ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜುನಾಥ ಶೆಟ್ಟಿಯನ್ನು ಮನೆಯವರು ಕರೆದೊಯ್ದದ್ದು ಇದೇ ಗುಡಿಗೆ. ಹೊರಬಂದದ್ದು ಮಂಜಮ್ಮ. ಆಮೇಲೆ ಅವರು ವಿಷ ಕುಡಿದು ಬದುಕುಳಿದರು, ಮನೆ ಬಿಟ್ಟರು, ಸೀರೆಯುಟ್ಟು ಬೀದಿಯಲ್ಲಿ ಭಿಕ್ಷೆ ಬೇಡಿದರು. ಕಾಳವ್ವ ಜೋಗತಿ ಕುಣಿತ ಕಲಿಸಿ ಕೈಹಿಡಿದರು. ಮುಂದೆ ಮರಿಯಮ್ಮನಹಳ್ಳಿಯವರಾದ ಇದೇ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ನಮಗೆಲ್ಲ ಹೆಮ್ಮೆ. ಆದರೆ ಬೀದಿಗೆ ಬಿದ್ದ ಎಲ್ಲ ಮಕ್ಕಳಿಗೂ ಒಬ್ಬ ಕಾಳವ್ವ ಸಿಗುವುದಿಲ್ಲ.

ಗಣಿ ಲಾರಿ ಓಡಿಸುವ, ಕಂಪ್ಲಿಯ ಗದ್ದೆಯಲ್ಲಿ ನಾಟಿ ಮಾಡುವ, ಹಂಪಿಯಲ್ಲಿ ಎಳನೀರು ಮಾರುವ ತಾಯ್ತಂದೆಯರು ಏನು ಮಾಡಬಹುದು ಎಂಬುದನ್ನು ಇಲ್ಲಿ ಹೇಳಿದ್ದೇನೆ.

ಮಗು ಬಾಯಿಬಿಟ್ಟ ದಿನ

ಮೊದಲು ಕೇಳಿಸಿಕೊಳ್ಳಿ. ಇಪ್ಪತ್ತು-ಮೂವತ್ತು ವರ್ಷದ ಮಗು ‘ನಾನು ಗಂಡಲ್ಲ, ಹೆಣ್ಣು’ ಎಂಬ ಮಾತು ಹೇಳುತ್ತಿದೆ ಎಂದರೆ ಎಷ್ಟೋ ವರ್ಷ ಎದೆಯಲ್ಲೇ ಇಟ್ಟುಕೊಂಡಿತ್ತು ಎಂದೇ ಅರ್ಥ. ಆ ರಾತ್ರಿ ನಿಮಗೆ ಏನೂ ತಿಳಿಯದಿದ್ದರೆ ಒಂದೇ ಮಾತು ಸಾಕು: ‘ಹೆಂಗಿದ್ರೂ ಇದು ನಿನ್ನ ಮನಿ, ಬಾ ಉಣ್ಣು.’ ಯಾವ ಹೆಸರಿನಿಂದ ಕರೆಯಬೇಕೆಂದು ಮರುದಿನ ಕೇಳಿ. ನಾಲಿಗೆ ಹಳೆಯ ಹೆಸರಿಗೇ ಹೊರಳುತ್ತದೆ, ತಿದ್ದಿಕೊಳ್ಳಿ, ರೂಢಿಯಾಗುತ್ತದೆ.

ಗಂಡಾಗಿ ಹುಟ್ಟಿ ಹೆಣ್ಣೆನಿಸುವುದು, ಹೆಣ್ಣಾಗಿ ಹುಟ್ಟಿ ಗಂಡೆನಿಸುವುದು ರೋಗವಲ್ಲ, ಗಾಳಿ ಸೋಂಕೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಸಾಲಿನಿಂದ ತೆಗೆದಿದೆ. ‘ಬದಲಾಯಿಸಿ ಕೊಡುತ್ತೇನೆ’ ಎನ್ನುವ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದಿದೆ. ಅಂಥವರ ಕೈಗೆ ಸಾಲದ ದುಡ್ಡು ಸುರಿಯಬೇಡಿ.

ಮದುವೆ ಮಾಡಿದರೆ ಸರಿಹೋಗುತ್ತದೆ ಎಂದು ಬಂಧುಗಳು ಒತ್ತಾಯಿಸುತ್ತಾರೆ. ಇಲ್ಲಿ ಮಾತ್ರ ಕಲ್ಲಿನಂತೆ ನಿಲ್ಲಿ. ನಿಮ್ಮ ಮಗುವಿನ ಜೊತೆ ಇನ್ನೊಂದು ಮನೆಯ ಹೆಣ್ಣಿನ ಬಾಳೂ ಹಾಳಾಗುತ್ತದೆ. ‘ನಾನು ಗಂಡು’ ಎನ್ನುವ ಮಗಳ ಕಷ್ಟ ಇದಕ್ಕಿಂತ ಹೆಚ್ಚು. ಜೋಗತಿ ಎಂಬ ದಾರಿಯೂ ಅವನಿಗಿಲ್ಲ, ತಾಳಿಯ ಒತ್ತಾಯ ಬೇರೆ. ಮಗು ಮಂಕಾದರೆ, ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಕಾಗದ-ಪತ್ರ

2014ರ ಏಪ್ರಿಲ್ 15ರ ಸುಪ್ರೀಂ ಕೋರ್ಟ್ ತೀರ್ಪು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕನ್ನು ಒಪ್ಪಿತು. ಆಮೇಲೆ ಬಂದದ್ದು ಅವರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆ. ಇದರಡಿ ಗುರುತಿನ ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ. ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿಯವರಿಗೆ ಹೊಸಪೇಟೆಯ ಜಿಲ್ಲಾಧಿಕಾರಿ ಕಚೇರಿ. ಸಂಡೂರು, ಕಂಪ್ಲಿಯವರು ಈಗಲೂ ಬಳ್ಳಾರಿಗೇ ಸೇರಿದವರು. ಕಂಪ್ಲಿಯಿಂದ ಹೊಸಪೇಟೆಗೆ ಬಂದು ಒಂದು ದಿನದ ಕೂಲಿ ಕಳೆದುಕೊಳ್ಳಬೇಡಿ. ಕೇಂದ್ರ ಸರ್ಕಾರದ ಟ್ರಾನ್ಸ್‌ಜೆಂಡರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಸೈಬರ್ ಸೆಂಟರ್ ಸಾಕು. ನಿಯಮಗಳಿಗೆ ತಿದ್ದುಪಡಿ ಆಗುತ್ತಿರುತ್ತದೆ. ಅರ್ಜಿಗೆ ಮುಂಚೆ ಯಾವ ದಾಖಲೆ ಬೇಕೆಂದು ಜಿಲ್ಲಾ ಕಚೇರಿಯಲ್ಲಿ ಕೇಳಿಕೊಳ್ಳಿ. ಅರ್ಜಿ ಮಗುವಿನದು, ಸಹಿಯೂ ಅದರದ್ದೇ. ನೀವು ಜೊತೆಗಿರಿ, ಮುಂದೆ ನಿಂತು ಮಾತಾಡಬೇಡಿ.

ಗುರುತಿನ ದಾಖಲೆಯಿಂದ ಬಾಗಿಲುಗಳು ತೆರೆಯುತ್ತವೆ. ರಾಜ್ಯ ಸರ್ಕಾರಿ ನೌಕರಿಯಲ್ಲಿ 2021ರಿಂದ ಶೇ 1 ಮೀಸಲಾತಿ ಇದೆ. ಮೈತ್ರಿ ಯೋಜನೆಯ ಮಾಸಾಶನವಿದೆ. 2023ರ ಶಕ್ತಿ ಯೋಜನೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೂ ಬಸ್ ಪ್ರಯಾಣ ಉಚಿತ.

ರೇಷನ್ ಕಾರ್ಡಿನಿಂದ ಹೆಸರು ತೆಗೆಸಬೇಡಿ. ಅಣ್ಣತಮ್ಮಂದಿರು ‘ಅವನಿಗ್ಯಾಕೆ ಪಾಲು’ ಎಂದರೆ ಒಪ್ಪಬೇಡಿ. 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮಗ-ಮಗಳು ಇಬ್ಬರಿಗೂ ಸಮಪಾಲು; ಮಗು ಯಾವ ಹೆಸರಿನಲ್ಲಿ ಬಾಳಿದರೂ ಪಾಲು ಹೋಗುವುದಿಲ್ಲ. ನೀವೇ ದುಡಿದು ಕಟ್ಟಿದ ಮನೆಯಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಲ್ ನೋಂದಾಯಿಸಿಡಿ. ನೀವು ಕಣ್ಮುಚ್ಚಿದ ಮೇಲೂ ತಲೆಯ ಮೇಲೊಂದು ಸೂರಿರಬೇಕಲ್ಲ.

ಮೈಗೆ, ಜೀವಕ್ಕೆ ಅಪಾಯ

ಮೆಡಿಕಲ್ ಶಾಪ್‌ನಿಂದ ಗರ್ಭನಿರೋಧಕ ಮಾತ್ರೆ ತಂದು ಹೆಣ್ಣಿನ ಮೈ ಪಡೆಯಲು ನುಂಗುವವರಿದ್ದಾರೆ. ಅತಿಯಾದರೆ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಕುತ್ತು. ಬೈದರೆ ಕದ್ದು ನುಂಗುತ್ತಾರೆ. ಅದಕ್ಕಿಂತ ಜೊತೆಗೇ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ ವೈದ್ಯರನ್ನು ಕೇಳಿ. ಯಾರದೋ ಮನೆಯ ಕೋಣೆಯಲ್ಲಿ ಕತ್ತಿ ಹಿಡಿಯುವವರ ಹತ್ತಿರ ಮಾತ್ರ ಬಿಡಬೇಡಿ.

ಬೀದಿಯಲ್ಲಿ ಹೊಡೆದರೆ, ಮನೆ ಖಾಲಿ ಮಾಡು ಎಂದು ಬಲವಂತ ಮಾಡಿದರೆ 112ಕ್ಕೆ ಕರೆ ಮಾಡಿ, ದೂರು ಬರೆಸಿ ಸ್ವೀಕೃತಿ ಪಡೆಯಿರಿ. 2019ರ ಕಾಯ್ದೆಯ 18ನೇ ಕಲಂ ಇಂಥ ಕೃತ್ಯಗಳನ್ನು ಅಪರಾಧವೆಂದಿದೆ. ಅದೇ ಕಾಯ್ದೆಯ 12ನೇ ಕಲಂ ಹೆತ್ತವರ ಮನೆಯಲ್ಲಿ ಬಾಳುವ ಹಕ್ಕನ್ನು ಹೇಳುತ್ತದೆ. ಮನೆಯಿಂದ ಹೊರಹಾಕಲು ಹೆತ್ತವರಿಗೂ ಅಧಿಕಾರವಿಲ್ಲ. ವಕೀಲರ ಫೀಸಿಗೆ ಹೆದರಬೇಡಿ, ಬಡವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100.

ದೇವಿಯ ಮೇಲೆ ಭಕ್ತಿ ಇದ್ದರೆ ಅದನ್ನು ಬಿಡಬೇಕಿಲ್ಲ. ಮುತ್ತು ಕಟ್ಟಿಸಿಕೊಳ್ಳುವುದೋ ಬೇಡವೋ ಎಂಬುದು ಬೆಳೆದ ಮಗುವಿನ ನಿರ್ಧಾರ, ಊರ ಹಿರಿಯರದಲ್ಲ. ಹುಣ್ಣಿಮೆಗೆ ಹುಲಿಗಿಗೆ ಹೋಗೋಣ ಎಂದು ಅದೇ ಕೇಳಿದರೆ ಇಬ್ಬರೂ ಜೊತೆಗೆ ಹೋಗಿ. ಕಾಯಿ ಒಡೆಸಿ, ಉಡಿ ತುಂಬಿಸಿ, ಸಂಜೆಯ ಬಸ್ಸಿಗೆ ಜೊತೆಗೇ ಮನೆಗೆ ಬನ್ನಿ.